ಪಲ್ಪಿಂಗ್ ನೀರಿನ ಬಿಒಡಿ ಕಮ್ಮಿ ಬಂದಾಗ

ಡಿಸೆಂಬರ್ ಬಂತು ಅಂತ ನಮ್ಮ ಕಡೆ ಕ್ಯಾಲೆಂಡರ್ ನೋಡಿ ತಿಳ್ಕೊಳ್ಳೋದೇ ಬೇಡ, ಸಂಜೆ ಆದ್ಮೇಲೆ ತೋಡಿನ (ಸಣ್ಣ ಹಳ್ಳದ) ಕಡೆಯಿಂದ ಗಾಳಿ ಬೀಸಿದ್ರೆ ಸಾಕು. ಕಾಫಿ ಹಣ್ಣು ಕುಯ್ಲು ಶುರುವಾಗಿ, ನೀರು ಹಾಕಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್ ಓಡೋಕೆ ಶುರುವಾದ ವಾರದಲ್ಲೇ ಆ ಹುಳಿ ವಾಸನೆ, ಮೊದಲು ಸ್ವಲ್ಪ ಸಿಹಿ ಇದ್ದ ಹಾಗೆ ಅನ್ಸತ್ತೆ, ಆಮೇಲೆ ಮೂಗು ಮುಚ್ಕೋಬೇಕು. ಸುಂಟಿಕೊಪ್ಪದ ಹತ್ರ ನಮ್ಮ ಚಿಕ್ಕಪ್ಪನ ತೋಟ, ಅರೇಬಿಕಾ ಸ್ವಲ್ಪ, ರೊಬಸ್ಟಾ ಜಾಸ್ತಿ. ಎರಡು ವರ್ಷದ ಹಿಂದೆ ಅವರ ಪಲ್ಪಿಂಗ್ ನೀರಿನ ಬಿಒಡಿ, ಅಂದ್ರೆ ನೀರು ಎಷ್ಟು ಕೊಳಕು ಅಂತ ಹೇಳೋ ಒಂದು ಅಳತೆ, ಅದನ್ನ ಟೆಸ್ಟ್ ಮಾಡಿದ್ದು ನಾನೇ, ಆಗ ನಾನು ಕೆಲಸ ಮಾಡ್ತಿದ್ದ ಮಡಿಕೇರಿಯ ಒಂದು ಲ್ಯಾಬಲ್ಲಿ. ರಿಪೋರ್ಟಲ್ಲಿ ಬಂದ ನಂಬರ್ ಲೀಟರಿಗೆ 180 ಮಿಲಿಗ್ರಾಂ. ಅದನ್ನ ಕೈಯಲ್ಲಿ ಹಿಡ್ಕೊಂಡು ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಮಗಾ, ಇಷ್ಟು ಕಮ್ಮಿ ಅಂತೀಯಲ್ಲ, ಹಂಗಾದ್ರೆ ಗದ್ದೆ ತಿರುವಲ್ಲಿ ಏಡಿ ಎಲ್ಲ ಯಾಕೆ ಸತ್ತು ಬಿದ್ದಿದ್ದಾವೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಆ ಪ್ರಶ್ನೆಯಿಂದ ನಾನು ಕಲ್ತಷ್ಟು ಎಂಎಸ್ಸಿಯ ಎರಡು ವರ್ಷದಲ್ಲಿ ಕಲ್ತಿರಲಿಲ್ಲ, ಅದನ್ನೇ ಇಲ್ಲಿ ಬರೀತಾ ಇದೀನಿ.

ಮೊದಲು ಬಿಒಡಿ ಅಂದ್ರೆ ಏನು ಅಂತ. ಜೈವಿಕ ಆಮ್ಲಜನಕ ಬೇಡಿಕೆ ಅಂತ ಪುಸ್ತಕದಲ್ಲಿ ಇರತ್ತೆ, ಅದನ್ನ ಓದಿದ್ರೆ ನೀರಲ್ಲಿ ಉಪ್ಪು ಇರೋ ಥರ, ಕಬ್ಬಿಣ ಇರೋ ಥರ ಬಿಒಡಿ ಅಂತ ಒಂದು ವಸ್ತು ಇದೆ ಅನ್ಸತ್ತೆ. ಇಲ್ಲ. ಅದು ಹಸಿವಿನ ಲೆಕ್ಕ. ನೀರಲ್ಲಿರೋ ಸಕ್ಕರೆ, ಪೆಕ್ಟಿನ್, ಕೊಳೆಯೋ ಎಲ್ಲ ಪದಾರ್ಥಾನ ಬ್ಯಾಕ್ಟೀರಿಯಾ ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚು ಮಾಡ್ತಾವೆ ಅನ್ನೋದು. ಅಂದ್ರೆ ನಾವು ಅಳೀತಿರೋದು ಊಟ ಅಲ್ಲ, ಊಟ ಮಾಡೋರು ಎಷ್ಟು ಉಸಿರಾಡಿದ್ರು ಅಂತ. ಹಾಗಾದ್ರೆ ಬಾಟಲಿ ಒಳಗೆ ಊಟ ಮಾಡೋರೇ ಇಲ್ಲದಿದ್ರೆ? ಅಥವಾ ಇದ್ದೋರಿಗೆ ಹುಷಾರಿಲ್ಲದಿದ್ರೆ? ಊಟ ಎಷ್ಟೇ ಇದ್ರೂ ನಂಬರ್ ಕಮ್ಮಿನೇ ಬರತ್ತೆ. ನನ್ನ 180ರ ಕಥೆ ಅದೇ.

ಟೆಸ್ಟ್ ಮಾಡೋ ವಿಧಾನ ಹೇಳ್ತೀನಿ, ಇಲ್ಲದಿದ್ರೆ ತಪ್ಪು ಎಲ್ಲಾಯ್ತು ಅಂತ ಗೊತ್ತಾಗಲ್ಲ. 300 ಮಿಲಿ ಹಿಡಿಯೋ ಗಾಜಿನ ಬಾಟಲಿ, ಗಾಜಿನದೇ ಮುಚ್ಚಳ, ಒಳಗೆ ಒಂದು ಗಾಳಿಗುಳ್ಳೆನೂ ಉಳೀಬಾರದು, ಮುಚ್ಚಳದ ಮೇಲಿನ ಬಟ್ಟಲಿಗೂ ಸ್ವಲ್ಪ ನೀರು ಹಾಕಿ ಸೀಲ್ ಮಾಡ್ತೀವಿ. ಕೊಳಕು ನೀರನ್ನ ಹಾಗೇ ತುಂಬೋಕಾಗಲ್ಲ, ಯಾಕಂದ್ರೆ ನೀರು ಹಿಡಿದಿಟ್ಕೊಳ್ಳೋ ಆಮ್ಲಜನಕ ಲೀಟರಿಗೆ ಎಂಟೊಂಬತ್ತು ಮಿಲಿಗ್ರಾಂ ಅಷ್ಟೇ, ಅದು ಒಂದೇ ಗಂಟೆಯಲ್ಲಿ ಖಾಲಿಯಾದ್ರೆ ಮುಂದೆ ಅಳೆಯೋದೇನು. ಅದಕ್ಕೆ ಡೈಲ್ಯೂಶನ್ ವಾಟರ್, ಅಂದ್ರೆ ಸ್ಯಾಂಪಲ್ ತೆಳು ಮಾಡೋ ನೀರು, ಮಾಡ್ತೀವಿ: ಡಿಸ್ಟಿಲ್ಡ್ ವಾಟರಿಗೆ ಚೆನ್ನಾಗಿ ಗಾಳಿ ಊದಿ, ಲೀಟರಿಗೆ ಒಂದೊಂದು ಮಿಲಿ ಲೆಕ್ಕದಲ್ಲಿ ಫಾಸ್ಫೇಟ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್. ಇದರಲ್ಲಿ ಸ್ಯಾಂಪಲ್ ಕೆಲವೇ ಮಿಲಿ ಹಾಕಿ, ಮೊದಲ ದಿನದ ಡಿಒ (ನೀರಲ್ಲಿ ಕರಗಿರೋ ಆಮ್ಲಜನಕ) ನೋಡಿ, ಇನ್ನೊಂದು ಬಾಟಲೀನ ಕತ್ತಲಲ್ಲಿ ಇನ್ಕ್ಯುಬೇಟರ್ ಒಳಗಿಟ್ಟು, ಇಷ್ಟು ದಿನ ಅಂತ ಇಟ್ಟಿದ್ದು ಮುಗಿದ ಮೇಲೆ ಉಳಿದ ಡಿಒ ನೋಡೋದು. ಕತ್ತಲು ಯಾಕೆ ಅಂದ್ರೆ ಬೆಳಕಿದ್ರೆ ಪಾಚಿ ಒಳಗೇ ಆಮ್ಲಜನಕ ಮಾಡ್ಕೊಂಡು ಕೂರತ್ತೆ.

ಎಷ್ಟು ದಿನ ಅನ್ನೋದಕ್ಕೂ ಒಂದು ಇತಿಹಾಸ ಇದೆ. ಬ್ರಿಟನ್ನಿನಲ್ಲಿ 1898ರಲ್ಲಿ ಕೊಳಚೆ ನೀರಿನ ಬಗ್ಗೆ ಒಂದು ರಾಯಲ್ ಕಮಿಷನ್ ಮಾಡಿದ್ರು, ಅದರ ಎಂಟನೇ ವರದಿ 1912ರಲ್ಲಿ ಬಂತು, ಐದು ದಿನದ ಪರೀಕ್ಷೆ ಬಳಕೆಗೆ ಬಂದಿದ್ದು ಅಲ್ಲಿಂದ. ಅಲ್ಲಿನ ನದಿ ನೀರು ಸಮುದ್ರ ಸೇರೋಕೆ ಐದು ದಿನಕ್ಕಿಂತ ಜಾಸ್ತಿ ಹಿಡಿಯಲ್ಲ ಅನ್ನೋದು ಇದಕ್ಕೆ ಹೇಳೋ ಕಾರಣ. ಅವರ ಲೆಕ್ಕ 65 ಡಿಗ್ರಿ ಫ್ಯಾರನ್‌ಹೀಟಲ್ಲಿ, ಆಮೇಲೆ ಅದು 20 ಡಿಗ್ರಿ ಸೆಲ್ಸಿಯಸ್ ಆಯ್ತು. ನಮ್ಮ ದೇಶದ ನೀರು ಅಷ್ಟು ತಣ್ಣಗಿರಲ್ಲ, ಅದಕ್ಕೇ ನಮ್ಮ ಭಾರತೀಯ ಮಾನಕ ಐಎಸ್ 3025ರ 44ನೇ ಭಾಗದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಅಂತ ಇಟ್ಟಿದ್ದಾರೆ. ಇದು ಸುಮ್ನೆ ದಿನ ಉಳಿಸೋಕೆ ಮಾಡಿದ್ದಲ್ಲ. ಬ್ಯಾಕ್ಟೀರಿಯಾ ಬೆಚ್ಚಗಿದ್ರೆ ಬೇಗ ತಿನ್ನತ್ತೆ, ಸಾಮಾನ್ಯ ಮನೆಗಳ ಕೊಳಚೆಗೆ ದಿನಕ್ಕೆ 0.23 ಅನ್ನೋ ವೇಗ ಹಿಡಿದು ಲೆಕ್ಕ ಹಾಕಿದ್ರೆ 20 ಡಿಗ್ರಿಯ ಐದು ದಿನದಲ್ಲಿ ಒಟ್ಟು ಹಸಿವಿನ ಸುಮಾರು 68 ಪರ್ಸೆಂಟ್ ತೀರತ್ತೆ, 27 ಡಿಗ್ರಿಯ ಮೂರು ದಿನದಲ್ಲಿ ಸುಮಾರು 61, ಎರಡೂ ಅಕ್ಕಪಕ್ಕದಲ್ಲೇ ಬಂತಲ್ಲ. ಲ್ಯಾಬಲ್ಲಿ ಕೆಲಸ ಮಾಡೋರಿಗೆ ಇದರಿಂದ ಇನ್ನೊಂದು ವಿಷಯ ಬರತ್ತೆ, ಗುರುವಾರ ಬಾಟಲಿ ಇಟ್ರೆ ತೆಗೆಯೋಕೆ ಭಾನುವಾರ ಬರಬೇಕು, ಹಾಗಾಗಿ ಗುರುವಾರ ಯಾರಾದ್ರೂ ಸ್ಯಾಂಪಲ್ ತಂದ್ರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತೀವಿ.

ಡಿಒ ಅಳೆಯೋಕೆ ಈಗ ಮೀಟರ್ ಇದೆ, ಪ್ರೋಬ್ ಅದ್ದಿದ್ರೆ ನಂಬರ್ ಬರತ್ತೆ. ಆದ್ರೂ ನನಗೆ ವಿಂಕ್ಲರ್ ವಿಧಾನದ ಮೇಲೆ ಪ್ರೀತಿ. ಲಾಯೋಶ್ ವಿಂಕ್ಲರ್ ಅನ್ನೋ ಹಂಗೇರಿಯ ಕೆಮಿಸ್ಟ್ 1888ರಲ್ಲಿ ಕಂಡು ಹಿಡಿದಿದ್ದು, ಇವತ್ತಿಗೂ ಮೀಟರ್ ಸರಿ ಇದೆಯಾ ಅಂತ ನೋಡೋದು ಇದರಿಂದಾನೇ. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಅಲ್ಕಲಿ ಅಯೋಡೈಡ್ ಅಝೈಡ್ ಹಾಕಿ ಮುಚ್ಚಿ ತಲೆಕೆಳಗು ಮಾಡಿ ಅಲ್ಲಾಡಿಸಿದ್ರೆ ಒಳಗೆ ಮೋಡದ ಥರ ಗಸಿ ಏಳತ್ತೆ. ಆಮ್ಲಜನಕ ಇದ್ರೆ ಆ ಮೋಡ ಕಂದು ಬಣ್ಣ. ಇಲ್ಲದಿದ್ರೆ ಬರೀ ಬಿಳಿ. ಆಮೇಲೆ ಸಲ್ಫ್ಯೂರಿಕ್ ಆಸಿಡ್ ಹಾಕಿದ್ರೆ ಗಸಿ ಕರಗಿ ಅಯೋಡಿನ್ ಬಿಡತ್ತೆ, ಅದನ್ನ ಥಯೋಸಲ್ಫೇಟಲ್ಲಿ ಟೈಟ್ರೇಟ್ ಮಾಡಿ, ತಿಳಿ ಹಳದಿ ಬಂದಾಗ ಸ್ಟಾರ್ಚ್ ಹಾಕಿ, ನೀಲಿ ಹೋಗಿ ಬಣ್ಣ ಇಲ್ಲದ ಹಾಗೆ ಆಗೋವರೆಗೂ ಹನಿ ಹನಿ ಬಿಡೋದು. 200 ಮಿಲಿ ತಗೊಂಡು 0.025 ನಾರ್ಮಲ್ ಥಯೋಸಲ್ಫೇಟ್ ಬಳಸಿದ್ರೆ ಬ್ಯೂರೆಟ್ಟಿನ ಒಂದು ಮಿಲಿ ಅಂದ್ರೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ, ನೇರ ಓದ್ಕೋಬಹುದು. ಆದ್ರೆ ನಂಬರ್ ಬರೋಕಿಂತ ಮುಂಚೆ, ತೋಡಿನ ದಡದಲ್ಲೇ, ಆ ಮೋಡದ ಬಣ್ಣ ನೋಡಿದಾಗಲೇ ನೀರಿನ ಸ್ಥಿತಿ ಗೊತ್ತಾಗಿಬಿಡತ್ತೆ.

ಈಗ ನನ್ನ ತಪ್ಪಿಗೆ ಬರ್ತೀನಿ. ಅವತ್ತು ನಾನು ಮೂರು ಡೈಲ್ಯೂಶನ್ ಇಟ್ಟಿದ್ದೆ, 300 ಮಿಲಿ ಬಾಟಲಿಗೆ 6 ಮಿಲಿ, 3 ಮಿಲಿ, 1 ಮಿಲಿ ಸ್ಯಾಂಪಲ್. ಮೂರು ದಿನ ಆದ್ಮೇಲೆ ಡಿಒ ಇಳಿದಿದ್ದು ಮೊದಲನೇದರಲ್ಲಿ 2.6, ಎರಡನೇದರಲ್ಲಿ 2.3, ಮೂರನೇದರಲ್ಲಿ 1.9. ನಿಯಮ ಏನಂದ್ರೆ ಕೊನೆಗೆ ಕನಿಷ್ಠ 1 ಮಿಲಿಗ್ರಾಂ ಉಳಿದಿರಬೇಕು, ಕನಿಷ್ಠ 2 ಮಿಲಿಗ್ರಾಂ ಇಳಿದಿರಬೇಕು. ಮೂರನೇದು ಎರಡಕ್ಕಿಂತ ಕಮ್ಮಿ ಇಳಿದಿದೆ, ಬಿಟ್ಟೆ. ಬಾಟಲಿಯ 300ನ್ನ ಸ್ಯಾಂಪಲ್ ಮಿಲಿಯಿಂದ ಭಾಗಿಸಿ ಬಂದದ್ದರಿಂದ ಗುಣಿಸಬೇಕು: ಮೊದಲನೇದು 2.6ನ್ನ 50ರಿಂದ ಗುಣಿಸಿದ್ರೆ 130, ಎರಡನೇದು 2.3ನ್ನ 100ರಿಂದ ಗುಣಿಸಿದ್ರೆ 230, ಸರಾಸರಿ 180. ನಿಯಮದ ಪ್ರಕಾರ ಎಲ್ಲ ಸರಿ, ಸಹಿ ಹಾಕಿ ಕಳಿಸಿದ್ದೂ ಆಯ್ತು.

ಚಿಕ್ಕಪ್ಪ ಏಡಿ ವಿಷಯ ಕೇಳಿದ ರಾತ್ರಿ ನಿದ್ದೆ ಬರದೆ ಆ ನೋಟ್‌ಬುಕ್ ತೆಗೆದು ಕೂತೆ. ನಾನು ಬಿಟ್ಟಿದ್ದ ಮೂರನೇ ಬಾಟಲಿ ಗುಣಿಸಿ ನೋಡಿದ್ರೆ 1.9 ಸಲ 300, ಅಂದ್ರೆ 570. 130, 230, 570. ಒಂದೇ ನೀರು, ಆದ್ರೆ ತೆಳು ಮಾಡ್ತಾ ಹೋದ ಹಾಗೆ ಬಿಒಡಿ ಏರ್ತಾ ಹೋಗಿದೆ. ಮೂರೂ ಹೆಚ್ಚುಕಮ್ಮಿ ಒಂದೇ ಬರಬೇಕಿತ್ತು. ಹೀಗೆ ಜಾರ್ತಾ ಹೋಗೋ ನಂಬರಿಗೆ ಅರ್ಥ ಒಂದೇ, ಸ್ಯಾಂಪಲ್ ಒಳಗೆ ಬ್ಯಾಕ್ಟೀರಿಯಾಗೆ ಆಗದೇ ಇರೋದು ಏನೋ ಇದೆ, ಸ್ಯಾಂಪಲ್ ಕಮ್ಮಿ ಆದಷ್ಟೂ ಅವಕ್ಕೆ ಉಸಿರು ಬರ್ತಿದೆ. ಅದು ನೋಟ್‌ಬುಕ್ಕಲ್ಲೇ ಬರೆದಿತ್ತು, ನಿಯಮಕ್ಕೆ ಬರಲ್ಲ ಅಂತ ನಾನೇ ಅದರ ಮೇಲೆ ಗೆರೆ ಎಳೆದಿದ್ದೆ.

ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಕೂಡ ಮಾಡಿದ್ವಿ, ಅದು 4800 ಬಂದಿತ್ತು. ಸಿಒಡಿ ಅಂದ್ರೆ ಬ್ಯಾಕ್ಟೀರಿಯಾನ ಕಾಯೋದಿಲ್ಲ, ಡೈಕ್ರೋಮೇಟ್ ಮತ್ತೆ ಆಸಿಡ್ ಹಾಕಿ 150 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಎಲ್ಲಾನೂ ಸುಟ್ಟುಬಿಡೋದು. ಸಿಒಡಿ 4800, ಬಿಒಡಿ 180 ಅಂದ್ರೆ ಈ ನೀರಲ್ಲಿರೋದನ್ನ ಬ್ಯಾಕ್ಟೀರಿಯಾ ಮುಟ್ಟೋದೇ ಇಲ್ಲ ಅಂತ ಹೇಳಿದ ಹಾಗೆ. ಪ್ಲಾಸ್ಟಿಕ್ ಫ್ಯಾಕ್ಟರಿ ನೀರಾಗಿದ್ರೆ ನಂಬಬಹುದಿತ್ತೇನೋ. ಆದ್ರೆ ಇದು ಕಾಫಿ ಹಣ್ಣಿನ ಲೋಳೆ! ಬಾಯಿಗೆ ಹಾಕ್ಕೊಂಡ್ರೆ ಸಿಹಿ ಇರತ್ತೆ, ಚಿಕ್ಕವರಿದ್ದಾಗ ಕಣದ ಹತ್ರ ನಿಂತು ಹಣ್ಣು ಹಿಸುಕಿ ಚೀಪಿದ್ದೀವಿ. ಸಕ್ಕರೆ ಮತ್ತೆ ಪೆಕ್ಟಿನ್ ಬಿಟ್ರೆ ಇನ್ನೇನಿದೆ ಅದರಲ್ಲಿ, ಬ್ಯಾಕ್ಟೀರಿಯಾಗೆ ಹಬ್ಬದ ಊಟ ಅದು.

ಹಾಗಾದ್ರೆ ಯಾಕೆ ತಿನ್ನಲಿಲ್ಲ? ಪಿಎಚ್. ಆ ಸಿಹಿ ನೀರು ಗುಂಡಿಯಲ್ಲಿ ಒಂದು ರಾತ್ರಿ ನಿಂತ್ರೆ ಹುಳಿ ಬಂದು ಪಿಎಚ್ ನಾಲ್ಕರ ಹತ್ರ ಇಳಿಯತ್ತೆ, ನಾನು ಅದನ್ನ ಏಳಕ್ಕೆ ತರದೆ ಹಾಗೇ ಹಾಕಿದ್ದೆ, ಬಫರ್ ಇದೆಯಲ್ಲ, ಅದೇ ಪಿಎಚ್ ಸರಿ ಮಾಡ್ಕೊಳ್ಳತ್ತೆ ಅನ್ನೋ ಧೈರ್ಯ. ಜೊತೆಗೆ ಕಾಫಿ ಸಿಪ್ಪೆಯ ಟ್ಯಾನಿನ್, ಪಾಲಿಫಿನಾಲ್ ಬ್ಯಾಕ್ಟೀರಿಯಾಗೆ ಒಗ್ಗಲ್ಲ. ಮತ್ತೆ ಎಲ್ಲಕ್ಕಿಂತ ದೊಡ್ಡ ತಪ್ಪು, ನಾನು ಸೀಡ್ ಹಾಕಿರಲಿಲ್ಲ. ಸೀಡ್ ಅಂದ್ರೆ ಬ್ಯಾಕ್ಟೀರಿಯಾದ ಬೀಜ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಹಾಕದೆ ಹಾಲು ಮೊಸರಾಗ್ಲಿಲ್ಲ ಅಂದ್ರೆ ಹಾಲಿನ ತಪ್ಪಾ?

ಎರಡನೇ ಸಲ ಮಾಡಿದ್ದು ಹೀಗೆ. ಸೀಡಿಗೆ ಊರಿನ ಚರಂಡಿ ನೀರು ತರಬಹುದು, ಎಲ್ಲರೂ ಅದನ್ನೇ ತರೋದು, ಆದ್ರೆ ನಾನು ಚಿಕ್ಕಪ್ಪನ ಹಳೇ ಗುಂಡಿಗೆ ಹೋದೆ, ವರ್ಷ ವರ್ಷ ಪಲ್ಪಿಂಗ್ ನೀರು ನಿಂತು ನಿಂತು ಅಲ್ಲಿನ ಕೆಸರಲ್ಲಿ ಈ ಊಟಕ್ಕೆ ಒಗ್ಗಿಕೊಂಡಿರೋ ಬ್ಯಾಕ್ಟೀರಿಯಾನೇ ಇರ್ತಾವಲ್ಲ. ಆ ಕೆಸರನ್ನ ನೀರಲ್ಲಿ ಕದಡಿ, ಕೂರೋಕೆ ಬಿಟ್ಟು, ಮೇಲಿನ ತಿಳಿ ತಗೊಂಡೆ. ಸ್ಯಾಂಪಲ್ಲಿನ ಪಿಎಚ್ ಏಳಕ್ಕೆ ತಂದೆ. 10 ಮಿಲಿ ಸ್ಯಾಂಪಲ್ಲನ್ನ ಒಂದು ಲೀಟರ್ ಮಾಡಿ, ಅದರಿಂದ 40 ಮಿಲಿ ಬಾಟಲಿಗೆ, ಅಂದ್ರೆ ನಿಜವಾದ ಸ್ಯಾಂಪಲ್ 0.4 ಮಿಲಿ ಅಷ್ಟೇ. ಅಷ್ಟು ಚಿಕ್ಕ ಅಳತೆಯನ್ನ ನೇರ ಪಿಪೆಟ್ಟಲ್ಲಿ ತೆಗೆಯೋಕೆ ಹೋಗಬಾರದು, ಲೋಳೆಯ ಒಂದು ಚೂರು ಸಿಕ್ಕಿಕೊಂಡ್ರೂ ಲೆಕ್ಕ ಎತ್ಲಾಗೋ ಹೋಗತ್ತೆ. ಮೊದಲ ದಿನ ಡಿಒ 6.8, ಮೂರು ದಿನ ಆದ್ಮೇಲೆ 2.2, ಇಳಿದಿದ್ದು 4.6. ಸೀಡ್ ತಾನೂ ಸ್ವಲ್ಪ ಉಸಿರಾಡತ್ತೆ, ಅದಕ್ಕೆ ಬರೀ ಸೀಡ್ ಹಾಕಿ ಇಟ್ಟ ಬಾಟಲಿಯಿಂದ ಸಿಕ್ಕ 0.6 ಕಳೆದ್ರೆ 4.0. ಗುಣಿಸು 750ರಿಂದ.

3000.

ಪಕ್ಕದ ಡೈಲ್ಯೂಶನ್ನುಗಳೂ ಅದರ ಹತ್ರಾನೇ ಬಂದ್ವು, ಜಾರಲಿಲ್ಲ. ಗ್ಲೂಕೋಸ್ ಗ್ಲುಟಾಮಿಕ್ ಆಸಿಡ್ ಚೆಕ್ ಸ್ಟ್ಯಾಂಡರ್ಡ್, ಅಂದ್ರೆ ಉತ್ತರ ಮೊದಲೇ ಗೊತ್ತಿರೋ ನೀರು, ಅದನ್ನೂ ಇಟ್ಟಿದ್ದೆ, ಎರಡೂ ಲೀಟರಿಗೆ 150 ಮಿಲಿಗ್ರಾಂ ಹಾಕಿದ್ರೆ ಐದು ದಿನದ ಟೆಸ್ಟಲ್ಲಿ 198ರ ಆಸುಪಾಸು ಬರಬೇಕು, 30 ಆಚೆ ಈಚೆ ನಡೆಯತ್ತೆ. ಇದನ್ನ ಮೊದಲ ಸಲವೇ ಇಟ್ಟಿದ್ರೆ, ಸೀಡ್ ಇಲ್ಲದ ನನ್ನ ನೀರಲ್ಲಿ ಅದೂ ಬರ್ತಿರಲಿಲ್ಲ, ಅಲ್ಲೇ ಸಿಕ್ಕಿಬೀಳ್ತಿತ್ತು. ಈಗ ಯಾರಾದ್ರೂ ನನಗೆ ಬಿಒಡಿ ರಿಪೋರ್ಟ್ ತೋರಿಸಿದ್ರೆ ಮೊದಲು ಕೇಳೋದು ಚೆಕ್ ಸ್ಟ್ಯಾಂಡರ್ಡ್ ಎಷ್ಟು ಬಂತು ಅಂತ.

ಈ 3000 ಅಂದ್ರೆ ಎಷ್ಟು ಅಂತ ಚಿಕ್ಕಪ್ಪನಿಗೆ ಹೇಳೋಕೆ ಒಂದು ಲೆಕ್ಕ ಹಾಕಿದೆ. ಮನೆ ಮೇಲಿಡೋ ಸಾವಿರ ಲೀಟರ್ ಟ್ಯಾಂಕ್ ತುಂಬ ಈ ನೀರು ಇದ್ರೆ ಅದರ ಹಸಿವು 3 ಕಿಲೋ ಆಮ್ಲಜನಕ. ತೋಡಿನ ಒಳ್ಳೇ ನೀರಲ್ಲಿ ಲೀಟರಿಗೆ 8 ಮಿಲಿಗ್ರಾಂ ಇದೆ ಅಂದ್ಕೊಂಡ್ರೆ, ಆ ಒಂದು ಟ್ಯಾಂಕ್ 3,75,000 ಲೀಟರ್ ತೋಡಿನ ನೀರಿನ ಆಮ್ಲಜನಕಾನ ಪೂರ್ತಿ ತಿಂದು ಮುಗಿಸಬಹುದು. 12,000 ಲೀಟರಿನ ಟ್ಯಾಂಕರ್ ಆದ್ರೆ ಮೂವತ್ತೊಂದು ಟ್ಯಾಂಕರ್. ಗಾಳಿಯಿಂದ ಮತ್ತೆ ಸೇರ್ತಾ ಇರತ್ತೆ, ನಿಜ, ಆದ್ರೆ ಜನವರಿಯಲ್ಲಿ ನಮ್ಮ ತೋಡಲ್ಲಿ ನೀರೆಷ್ಟಿರತ್ತೆ? ಮೊಣಕಾಲಿಗೂ ಬರಲ್ಲ. ಬ್ರಿಟನ್ನಿನ ಆ ಕಮಿಷನ್ ಸಂಸ್ಕರಿಸಿ ಬಿಡೋ ನೀರಿಗೆ ಬಿಒಡಿ 20 ಅಂತ ಮಿತಿ ಹಾಕಿದಾಗ, ನದಿ ಅದನ್ನ ಕನಿಷ್ಠ ಎಂಟು ಪಟ್ಟು ತೆಳು ಮಾಡತ್ತೆ ಅಂತ ಇಟ್ಕೊಂಡಿದ್ರು. ನಮ್ಮಲ್ಲಿ ಜುಲೈ ಮಳೆಯಲ್ಲಿ ಕೊಳಕು ನೀರು ಬಿಡೋದಾಗಿದ್ರೆ ಎಂಟಲ್ಲ ಎಂಟುನೂರು ಪಟ್ಟು ನೀರು ಹರಿಯತ್ತೇನೋ, ಆದ್ರೆ ಕಾಫಿ ಹಣ್ಣಾಗೋದು ಮಳೆ ನಿಂತು ತೋಡು ಸೊರಗೋ ಕಾಲದಲ್ಲೇ. ಇದು ಯಾರ ತಪ್ಪೂ ಅಲ್ಲ, ಗಿಡದ ಕಾಲ ಹಾಗಿದೆ, ಅದಕ್ಕೇ ನಮಗೆ ಜವಾಬ್ದಾರಿ ಜಾಸ್ತಿ. ನಮ್ಮ ದೇಶದಲ್ಲಿ ನದಿ, ತೋಡಿಗೆ ಬಿಡೋ ನೀರಿನ ಬಿಒಡಿಗೆ ಸಾಮಾನ್ಯ ಮಿತಿ 30. ಸ್ನಾನ ಮಾಡೋ ನದಿ ನೀರಲ್ಲಿ ಬಿಒಡಿ 3 ದಾಟಬಾರದು, ಡಿಒ 5ಕ್ಕಿಂತ ಕೆಳಗಿಳೀಬಾರದು. ಈ ತೋಡು ಹಾರಂಗಿ ಸೇರತ್ತೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿ ಸೇರತ್ತೆ, ಅಲ್ಲಿಂದ ಮುಂದೆ ಯಾರ್ಯಾರ ಮನೆ ನಲ್ಲಿಯಲ್ಲಿ ಬರತ್ತೆ ಅಂತ ಎಲ್ಲರಿಗೂ ಗೊತ್ತು.

ಏಡಿ ಸತ್ತಿದ್ದು ಗದ್ದೆ ತಿರುವಲ್ಲಿ, ಪಲ್ಪರ್ ಹತ್ರ ಅಲ್ಲ. ಇದನ್ನೂ ನಾನು ಮೊದಲು ಯೋಚನೆ ಮಾಡಿರಲಿಲ್ಲ. ಕೊಳಕು ಸೇರಿದ ಜಾಗದಲ್ಲೇ ಆಮ್ಲಜನಕ ಕೆಳಗೆ ಬೀಳಲ್ಲ, ಬ್ಯಾಕ್ಟೀರಿಯಾ ತಿನ್ನೋಕೆ ಹೊತ್ತು ಬೇಕು, ನೀರು ಹರೀತಾ ಹೋಗ್ತಾ ಡಿಒ ಇಳೀತಾ ಇಳೀತಾ ಕೆಳಗೆಲ್ಲೋ ತಳ ಮುಟ್ಟಿ ಆಮೇಲೆ ಮೇಲೇಳತ್ತೆ. ಸ್ಟ್ರೀಟರ್ ಮತ್ತೆ ಫೆಲ್ಪ್ಸ್ ಅನ್ನೋ ಇಬ್ಬರು 1925ರಲ್ಲಿ ಅಮೆರಿಕದ ಒಹಾಯೋ ನದಿ ಮೇಲೆ ಇದರ ಸಮೀಕರಣ ಬರೆದ್ರು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದೇ ವಕ್ರರೇಖೆ ನಮ್ಮ ತೋಡಲ್ಲೂ ಇದೆ, ಅದರ ತಳ ಗದ್ದೆ ತಿರುವಲ್ಲಿದೆ ಅಂತ ಹೇಳಿದ್ದು ಏಡಿಗಳು. ಇನ್ನು ಹೊತ್ತು. ಕುಯ್ದ ಹಣ್ಣು ತೂಕ ಆಗಿ ಪಲ್ಪರಿಗೆ ಬರೋದೇ ಸಂಜೆ, ಮಿಷನ್ ಓಡೋದು ರಾತ್ರಿವರೆಗೂ. ಬೆಳಿಗ್ಗೆ ಹನ್ನೊಂದಕ್ಕೆ ಜೀಪಲ್ಲಿ ಬಂದು ತೋಡಿನ ನೀರು ತುಂಬ್ಕೊಂಡು ಹೋದ್ರೆ ಆ ಬಾಟಲಿಯಲ್ಲಿ ರಾತ್ರಿ ಇರಲ್ಲ. ಡಿಒ ಅತಿ ಕಮ್ಮಿ ಇರೋದು ಬೆಳಕು ಹರಿಯೋ ಮುಂಚೆ, ಪಾಚಿ ಕೂಡ ರಾತ್ರಿಯೆಲ್ಲ ಉಸಿರಾಡಿ ಖರ್ಚು ಮಾಡಿರತ್ತೆ.

ಕೊಡಗಲ್ಲಿ ಈ ಟೆಸ್ಟ್ ಮಾಡೋರಿಗೆ ಇನ್ನೆರಡು ಮಾತು, ಬೇರೆ ಕಡೆಯ ಮ್ಯಾನ್ಯುಯಲ್ ಓದಿದ್ರೆ ಇದು ಹೊಳೆಯಲ್ಲ. 20 ಡಿಗ್ರಿಯಲ್ಲಿ ನೀರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯತ್ತೆ ಅಂತ ಟೇಬಲ್ಲಲ್ಲಿ ಇರೋದು ಸಮುದ್ರ ಮಟ್ಟಕ್ಕೆ. ಮಡಿಕೇರಿ 1,100 ಮೀಟರಿಗಿಂತ ಮೇಲಿದೆ, ಗಾಳಿ ಒತ್ತಡ ಕಮ್ಮಿ, ಇಲ್ಲಿ ಅದು ಎಂಟರ ಹತ್ರ ಮಾತ್ರ. 27 ಡಿಗ್ರಿಯಲ್ಲಂತೂ ಏಳೂ ದಾಟಲ್ಲ. ಅದರಲ್ಲಿ ಒಂದು ಉಳೀಲೇಬೇಕು ಅಂದ್ರೆ ಕೈಯಲ್ಲಿರೋದು ಹೆಚ್ಚುಕಮ್ಮಿ ಆರು, ಡೈಲ್ಯೂಶನ್ ಆ ಲೆಕ್ಕದಲ್ಲಿ ಇಡಬೇಕು. ಇನ್ನೊಂದು, ಜನವರಿ ಬೆಳಿಗ್ಗೆ ತೋಡಿನ ನೀರು ಕೈ ಇಟ್ರೆ ಜುಮ್ಮೆನ್ನತ್ತೆ, ಆ ತಣ್ಣನೆ ನೀರು ಜಾಸ್ತಿ ಆಮ್ಲಜನಕ ಹಿಡಿದಿರತ್ತೆ, ಅದನ್ನ ಹಾಗೇ ಬಾಟಲಿಗೆ ತುಂಬಿ 27 ಡಿಗ್ರಿಗೆ ಇಟ್ರೆ ಹಿಡಿಸಲಾರದೆ ಗುಳ್ಳೆಯಾಗಿ ಮುಚ್ಚಳದ ಕೆಳಗೆ ಸೇರತ್ತೆ, ಬ್ಯಾಕ್ಟೀರಿಯಾ ತಿನ್ನದ ಆಮ್ಲಜನಕಾನೂ ಬಿಒಡಿ ಲೆಕ್ಕಕ್ಕೆ ಸೇರಿಬಿಡತ್ತೆ. ಮೊದಲು ಬೆಚ್ಚಗಾಗೋಕೆ ಬಿಟ್ಟು ಅರ್ಧ ತುಂಬಿದ ಕ್ಯಾನಲ್ಲಿ ಚೆನ್ನಾಗಿ ಕುಲುಕಿ ಆಮೇಲೆ ತುಂಬಬೇಕು. ಕರೆಂಟ್ ಹೋಗೋದರ ಬಗ್ಗೆ ನಾನು ಬರೆಯೋದೇ ಬೇಡ, ಯುಪಿಎಸ್ ಇಲ್ಲದ ಇನ್ಕ್ಯುಬೇಟರ್ ಇಲ್ಲಿ ಬರೀ ಕಬ್ಬಿಣದ ಬೀರು.

ತಿದ್ದಿದ ರಿಪೋರ್ಟ್ ಕೊಟ್ಟಾಗ ಚಿಕ್ಕಪ್ಪ ಬೈಯ್ಯಲಿಲ್ಲ. ಕಾಗದ ಮಡಚಿ ಜೇಬಲ್ಲಿಟ್ಟು "ಈಗ ಸರಿ ಹೇಳ್ದೆ" ಅಂದ್ರು. ಆ ಬೇಸಿಗೆಯಲ್ಲೇ ಮೂರು ಗುಂಡಿ ತೋಡಿಸಿ, ನೀರು ಇಂಗದ ಹಾಗೆ ದಪ್ಪ ಶೀಟ್ ಹಾಸಿಸಿದ್ರು, ಮೊದಲನೇದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯೋದು, ಎರಡನೇದರಲ್ಲಿ ಸಗಣಿ ಕದಡಿ ಬಿಟ್ಟು ಬ್ಯಾಕ್ಟೀರಿಯಾಗೆ ತಿನ್ನೋಕೆ ಬಿಡೋದು. ಪಲ್ಪರಿಗೆ ಹೊಸ ನೀರು ಹಾಕೋದು ಕಮ್ಮಿ ಮಾಡಿ, ಅದೇ ನೀರನ್ನ ಸೋಸಿ ಮತ್ತೆ ಮತ್ತೆ ತಿರುಗಿಸ್ತಾರೆ. ತೋಡಿಗೆ ಬಿಡೋ ಪೈಪನ್ನ ಕಿತ್ತು ಹಾಕಿದ್ದಾರೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡ್ಕೊಂಡು ಇಬ್ಬರೂ ಗದ್ದೆ ತಿರುವಿಗೆ ಹೋದ್ವಿ, ಹಿಂದಿನ ರಾತ್ರಿ ಒಂಬತ್ತರವರೆಗೂ ಪಲ್ಪರ್ ಓಡಿತ್ತು. ಹೋದ ಸಲ ಇದೇ ಜಾಗದಲ್ಲಿ ಇದೇ ಹೊತ್ತಲ್ಲಿ ಮ್ಯಾಂಗನೀಸ್, ಅಯೋಡೈಡ್ ಹಾಕಿ ಅಲ್ಲಾಡಿಸಿದಾಗ ಮೋಡ ಬಿಳೀ ಬಂದಿತ್ತು, ಗಂಜಿ ತಿಳಿ ಥರ. ಈ ಸಲ ಚಿಕ್ಕಪ್ಪ ಟಾರ್ಚ್ ಬಾಟಲಿ ಹತ್ರ ಹಿಡಿದ್ರು, ನಾನು ತಲೆಕೆಳಗು ಮಾಡಿದೆ. ಕಂದು ಬಣ್ಣ, ಗಟ್ಟಿ ಕಾಫಿಯ ಹಾಗೆ. "ಇದು ಒಳ್ಳೇದಾ?" ಅಂತ ಕೇಳಿದ್ರು. "ಹೂಂ ಚಿಕ್ಕಪ್ಪ, ಒಳ್ಳೇದು" ಅಂದೆ. ಬಾಟಲಿ ಕೈಗೆ ತಗೊಂಡು ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ರು.

ಬಿಒಡಿಗೆ ತಂದ ನೀರು ಅವತ್ತು ಮಧ್ಯಾಹ್ನವೇ ಇನ್ಕ್ಯುಬೇಟರ್ ಸೇರಿದೆ, ಗುಂಡಿಯ ಕೆಸರಿನ ಸೀಡ್ ಹಾಕಿ, ಚೆಕ್ ಸ್ಟ್ಯಾಂಡರ್ಡ್ ಪಕ್ಕದಲ್ಲಿಟ್ಟು. ಶುಕ್ರವಾರ ತೆಗೀಬೇಕು.